ಟ್ಯಾಕ್ಸ್ ವಿನಾಯಿತಿ ಪಡೆದ ಆಸ್ಪತ್ರೆ ಊರಿಗೆ ಏನು ಮಾಡಬೇಕು? ಅಮೆರಿಕದ ನಾನ್‌ಪ್ರಾಫಿಟ್ ಆಸ್ಪತ್ರೆಗಳ ಆರೋಗ್ಯ ಯೋಜನೆ ಓದುವ ಬಗೆ

ಅಮೆರಿಕದಲ್ಲಿ ಇರುವವರಿಗೆ ಹತ್ತಿರದ ಆಸ್ಪತ್ರೆಯಿಂದಲೋ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆರೋಗ್ಯ ಇಲಾಖೆಯಿಂದಲೋ ಒಂದು ಸರ್ವೆ ಬಂದಿರುತ್ತದೆ. ನಿಮ್ಮ ಊರಿನ ದೊಡ್ಡ ಆರೋಗ್ಯ ಸಮಸ್ಯೆಗಳು ಯಾವುವು, ಡಾಕ್ಟರ್ ಸಿಗುವುದು ಕಷ್ಟವಾ, ಔಷಧಿಗೆ ದುಡ್ಡು ಸಾಲದೆ ಬಿಟ್ಟಿದ್ದೀರಾ, ಹೀಗೆ ಪ್ರಶ್ನೆಗಳು. ಯಾವುದೋ ಜಾಹೀರಾತು ಇರಬೇಕು ಅಂತ ಬಹಳ ಜನ ಅಳಿಸಿಬಿಡುತ್ತಾರೆ. ಅದು ಜಾಹೀರಾತಲ್ಲ. ಆ ಆಸ್ಪತ್ರೆ ಕಾನೂನಿನ ಪ್ರಕಾರ ಮೂರು ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸ ಅದು. ಅದರ ಮೇಲೆಯೇ ಮುಂದಿನ ಮೂರು ವರ್ಷ ಆಸ್ಪತ್ರೆ ತನ್ನ ಗೋಡೆಯ ಹೊರಗೆ ಏನು ಮಾಡುತ್ತದೆ ಅನ್ನುವ ಯೋಜನೆ ನಿಲ್ಲುತ್ತದೆ.

ಈ ಯೋಜನೆಯ ತೂಕ ಈಗ ಹೆಚ್ಚಾಗಿದೆ. 2025ರ ಜುಲೈನಲ್ಲಿ ಸಹಿಯಾದ ಫೆಡರಲ್ ಕಾನೂನು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ದೊಡ್ಡ ಕಡಿತ ಹಾಕಿದೆ. ಅದರಿಂದ 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ಹೆಚ್ಚುವರಿಯಾಗಿ ವಿಮೆ ಇಲ್ಲದೆ ಉಳಿಯುತ್ತಾರೆ ಅಂತ ಅಮೆರಿಕ ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜು ಮಾಡಿದೆ. ವಿಮೆ ಇಲ್ಲದವರು ಕಾಯಿಲೆ ಜೋರಾದ ಮೇಲೆ ಎಮರ್ಜೆನ್ಸಿ ರೂಮಿಗೇ ಬರುತ್ತಾರೆ. ಅದಕ್ಕೂ ಮೊದಲು ಊರಿನಲ್ಲಿ ಯಾರು ಏನು ಮಾಡಬಹುದು ಅನ್ನುವ ಪ್ರಶ್ನೆಗೆ ಈ ಯೋಜನೆಯಲ್ಲಿ ಉತ್ತರ ಇರಬೇಕು.

ನಾನ್‌ಪ್ರಾಫಿಟ್ ಅಂದರೆ ಪುಕ್ಕಟೆ ಅಲ್ಲ

ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ. ನಮ್ಮ ಕಡೆ ಧರ್ಮಾಸ್ಪತ್ರೆ ಅಂದರೆ ಚೀಟಿಗೆ ಒಂದಿಷ್ಟು ಕೊಟ್ಟು ಒಳಗೆ ಹೋಗುವ ಜಾಗ. ಅಮೆರಿಕದ ನಾನ್‌ಪ್ರಾಫಿಟ್ ಆಸ್ಪತ್ರೆ ಹಾಗಲ್ಲ. ಅದೂ ಬಿಲ್ ಹಾಕುತ್ತದೆ, ದೊಡ್ಡ ಬಿಲ್ಲೇ ಹಾಕುತ್ತದೆ. ವ್ಯತ್ಯಾಸ ಇರುವುದು ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ಷೇರುದಾರರು ಅಂತ ಯಾರೂ ಇಲ್ಲ, ಹಾಗಾಗಿ ಲಾಭ ಹಂಚುವ ಹಾಗಿಲ್ಲ. ಮಿಕ್ಕಿದ್ದನ್ನು ಮತ್ತೆ ಆಸ್ಪತ್ರೆಯ ಕೆಲಸಕ್ಕೇ ಹಾಕಬೇಕು.

ಈ ದೇಶದಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ, ಲಾಭಕ್ಕಾಗಿ ನಡೆಯುವ ಕಂಪನಿ ಆಸ್ಪತ್ರೆಗಳಿವೆ. ಆದರೆ ಜಾಸ್ತಿ ಇರುವುದು ನಾನ್‌ಪ್ರಾಫಿಟ್‌ಗಳೇ, ಸುಮಾರು 3 ಸಾವಿರ. ಅವು ಫೆಡರಲ್ ಆದಾಯ ತೆರಿಗೆ ಕಟ್ಟುವುದಿಲ್ಲ. ಸಾಮಾನ್ಯವಾಗಿ ರಾಜ್ಯದ ತೆರಿಗೆಯೂ ಇಲ್ಲ, ಪ್ರಾಪರ್ಟಿ ಟ್ಯಾಕ್ಸೂ ಇಲ್ಲ. ಕಡಿಮೆ ಬಡ್ಡಿಗೆ ಸಾಲ ಎತ್ತಬಹುದು, ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಕೆಎಫ್‌ಎಫ್ ಎಂಬ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆ ಇದನ್ನೆಲ್ಲ ಕೂಡಿ ಲೆಕ್ಕ ಹಾಕಿದಾಗ, 2020ರ ಒಂದೇ ವರ್ಷದಲ್ಲಿ ಈ ವಿನಾಯಿತಿಯ ಬೆಲೆ ಸುಮಾರು 2,800 ಕೋಟಿ ಡಾಲರ್ ಆಗಿತ್ತು. ಆಸ್ಪತ್ರೆ ಕಟ್ಟದ ಪ್ರಾಪರ್ಟಿ ಟ್ಯಾಕ್ಸ್ ಶಾಲೆಗೆ, ರಸ್ತೆಗೆ, ಫೈರ್ ಸ್ಟೇಷನ್ನಿಗೆ ಹೋಗಬೇಕಿದ್ದ ದುಡ್ಡು. ಅಷ್ಟನ್ನು ಊರು ಬಿಟ್ಟುಕೊಟ್ಟ ಮೇಲೆ ಬದಲಿಗೆ ಊರಿಗೆ ಏನು ಸಿಕ್ಕಿತು ಅಂತ ಕೇಳುವುದು ನ್ಯಾಯವೇ ಅಲ್ವಾ?

ನಿಯಮ ಬೆಳೆದು ಬಂದ ದಾರಿ

1956ರಲ್ಲಿ ತೆರಿಗೆ ಇಲಾಖೆ ಐಆರ್‌ಎಸ್ ಹೇಳಿದ್ದು ಸರಳವಾಗಿತ್ತು: ವಿನಾಯಿತಿ ಬೇಕಾದರೆ ನಿಮ್ಮ ಶಕ್ತಿ ಇದ್ದಷ್ಟು ಬಡವರಿಗೆ ಉಚಿತವಾಗಿಯೋ ಕಡಿಮೆ ದರದಲ್ಲೋ ಚಿಕಿತ್ಸೆ ಕೊಡಿ. 1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂತು. ಇನ್ನು ಉಚಿತ ಚಿಕಿತ್ಸೆಯ ಅಗತ್ಯವೇ ಕಡಿಮೆಯಾಗುತ್ತದೆ ಅನ್ನುವ ನಂಬಿಕೆ ಆಗ ಇತ್ತು. ಹಾಗಾಗಿ 1969ರಲ್ಲಿ ಐಆರ್‌ಎಸ್ ನಿಯಮ ಬದಲಿಸಿತು. ಊರಿನ ಒಟ್ಟು ಆರೋಗ್ಯಕ್ಕೆ ಉಪಯೋಗವಾದರೆ ಸಾಕು ಅಂದಿತು. ಇದಕ್ಕೆ 'ಕಮ್ಯುನಿಟಿ ಬೆನಿಫಿಟ್' ಅಂತ ಹೆಸರು. ಎಮರ್ಜೆನ್ಸಿ ರೂಮ್ ಎಲ್ಲರಿಗೂ ತೆರೆದಿರುವುದು, ಆಡಳಿತ ಮಂಡಳಿಯಲ್ಲಿ ಊರಿನವರು ಇರುವುದು, ಮಿಕ್ಕ ದುಡ್ಡಿನಲ್ಲಿ ಸೌಲಭ್ಯ ಹೆಚ್ಚಿಸುವುದು, ಇವೆಲ್ಲ ಅದರ ಲಕ್ಷಣಗಳು. ಎಷ್ಟು ಮಾಡಬೇಕು ಅನ್ನುವ ಅಳತೆ ಮಾತ್ರ ಎಲ್ಲೂ ಇರಲಿಲ್ಲ.

ಕ್ಯಾಲಿಫೋರ್ನಿಯಾ 1994ರಲ್ಲಿಯೇ ತನ್ನ ನಾನ್‌ಪ್ರಾಫಿಟ್ ಆಸ್ಪತ್ರೆಗಳಿಗೆ ಮೂರು ವರ್ಷಕ್ಕೊಮ್ಮೆ ಊರಿನ ಅಗತ್ಯಗಳ ಸಮೀಕ್ಷೆ ಮಾಡಿ ಅಂತ ಕಾನೂನು ಮಾಡಿತ್ತು. ಇಡೀ ದೇಶಕ್ಕೆ ಆ ನಿಯಮ ಬಂದಿದ್ದು 2010ರಲ್ಲಿ, ಒಬಾಮಾ ಸರ್ಕಾರದ ಅಫೋರ್ಡಬಲ್ ಕೇರ್ ಆಕ್ಟ್ ಎಂಬ ಆರೋಗ್ಯ ವಿಮೆ ಕಾನೂನಿನ ಜೊತೆಗೆ. ಆಸ್ಪತ್ರೆಗಳ ವಿನಾಯಿತಿ ಬಗ್ಗೆ ವರ್ಷಗಟ್ಟಲೆ ಪ್ರಶ್ನೆ ಎತ್ತಿದವರು ವಿರೋಧ ಪಕ್ಷದ ಸೆನೆಟರ್, ಐಯೋವಾದ ಚಕ್ ಗ್ರಾಸ್ಲಿ. ತೆರಿಗೆ ಕಾನೂನಿಗೆ ಸೇರಿದ ಈ ಹೊಸ ಭಾಗವನ್ನು 501(ಆರ್) ಅನ್ನುತ್ತಾರೆ. ಅದರಲ್ಲಿ ಎರಡು ಕಾಗದಗಳು ನಮಗೆ ಮುಖ್ಯ. ಒಂದು, ಊರಿನ ಆರೋಗ್ಯ ಅಗತ್ಯಗಳ ಸಮೀಕ್ಷೆ, ಚುಟುಕಾಗಿ ಸಿಎಚ್‌ಎನ್‌ಎ. ಇನ್ನೊಂದು, ಅದರ ಮೇಲೆ ಮಾಡುವ ಯೋಜನೆ, ಅಂದರೆ 'ಇಂಪ್ಲಿಮೆಂಟೇಶನ್ ಸ್ಟ್ರಾಟೆಜಿ'.

ಮೊದಲ ಕಾಗದ: ಊರಿಗೆ ಏನು ಬೇಕು?

ಹಳ್ಳಿಯ ಗ್ರಾಮ ಸಭೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರು ಚರಂಡಿ ಅನ್ನುತ್ತಾರೆ, ಒಬ್ಬರು ಕುಡಿಯುವ ನೀರು, ಇನ್ನೊಬ್ಬರು ಬೀದಿ ದೀಪ. ಎಲ್ಲ ಬರೆದುಕೊಂಡು, ಇರುವ ಅನುದಾನ ನೋಡಿ, ಈ ವರ್ಷ ಯಾವುದು ಅಂತ ತೀರ್ಮಾನಿಸಿ ಕ್ರಿಯಾ ಯೋಜನೆ ಮಾಡುತ್ತಾರೆ. ಆಸ್ಪತ್ರೆ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ.

ಮೊದಲು 'ನಮ್ಮ ಊರು' ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಗೆರೆ ಹಾಕಬೇಕು. ಸಾಮಾನ್ಯವಾಗಿ ಅದು ಒಂದು ಕೌಂಟಿ, ಅಥವಾ ರೋಗಿಗಳು ಬರುವ ಕೆಲವು ಜಿಪ್ ಕೋಡ್‌ಗಳು. ಇಲ್ಲಿ ಒಂದು ಒಳ್ಳೆಯ ಕಟ್ಟುಪಾಡು ಇದೆ. ತನಗೆ ರೋಗಿಗಳು ಬರುವ ಪ್ರದೇಶದಲ್ಲಿನ ಬಡವರ ಕೇರಿಗಳನ್ನು, ಅಲ್ಪಸಂಖ್ಯಾತರು ಇರುವ ಜಾಗಗಳನ್ನು ಆಸ್ಪತ್ರೆ ಬೇಕೆಂದೇ ಗೆರೆಯಿಂದ ಹೊರಗೆ ಹಾಕುವ ಹಾಗಿಲ್ಲ.

ಆಮೇಲೆ ಅಂಕಿಅಂಶ. ಯಾವ ಕಾಯಿಲೆಯಿಂದ ಎಷ್ಟು ಜನ ಸಾಯುತ್ತಿದ್ದಾರೆ, ಎಷ್ಟು ಜನಕ್ಕೆ ವಿಮೆ ಇಲ್ಲ, ಬಾಡಿಗೆ ಎಷ್ಟು, ತರಕಾರಿ ಅಂಗಡಿ ಎಷ್ಟು ದೂರ, ಬಸ್ ಇದೆಯಾ. ಬಾಡಿಗೆಗೂ ಆಸ್ಪತ್ರೆಗೂ ಏನು ಸಂಬಂಧ ಅನ್ನಿಸಬಹುದು. ಸಂಬಳದ ಅರ್ಧ ಬಾಡಿಗೆಗೆ ಹೋದರೆ ಇನ್ಸುಲಿನ್ ತಗೊಳ್ಳುವುದನ್ನು ಜನ ಮುಂದೂಡುತ್ತಾರೆ. ಹಾಗಾಗಿ ಇವನ್ನೂ ಆರೋಗ್ಯದ ಅಗತ್ಯ ಅಂತಲೇ ಲೆಕ್ಕಕ್ಕೆ ಹಿಡಿಯಲು ನಿಯಮ ಅವಕಾಶ ಕೊಟ್ಟಿದೆ.

ಬರೀ ಅಂಕಿ ಸಾಲದು, ಜನರನ್ನೂ ಕೇಳಬೇಕು. ಕನಿಷ್ಠ ಒಂದು ಸರ್ಕಾರಿ ಆರೋಗ್ಯ ಇಲಾಖೆ, ಬಡವರು, ಚಿಕಿತ್ಸೆ ಸಿಗದವರು, ಅಲ್ಪಸಂಖ್ಯಾತರು ಅಥವಾ ಅವರ ಪರವಾಗಿ ಕೆಲಸ ಮಾಡುವವರು, ಇವರ ಮಾತು ಸಮೀಕ್ಷೆಯಲ್ಲಿ ಇರಲೇಬೇಕು. ಹಿಂದಿನ ಸಮೀಕ್ಷೆ ಬಗ್ಗೆ ಸಾರ್ವಜನಿಕರು ಬರೆದು ಕಳಿಸಿದ ಅಭಿಪ್ರಾಯಗಳನ್ನೂ ಪರಿಗಣಿಸಬೇಕು. ಕೊನೆಗೆ ಆಸ್ಪತ್ರೆ ಒಂದು ಆದ್ಯತೆಯ ಪಟ್ಟಿ ಮಾಡುತ್ತದೆ. ಮಾನಸಿಕ ಆರೋಗ್ಯ, ಡಯಾಬಿಟಿಸ್, ಹೃದ್ರೋಗ, ಮನೆ ಇಲ್ಲದಿರುವುದು, ಇಂಥವು ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ.

ಎರಡನೆಯ ಕಾಗದ: ಅದಕ್ಕೆ ನಾವೇನು ಮಾಡುತ್ತೇವೆ?

ಸಮೀಕ್ಷೆ ಮುಗಿದ ಹಣಕಾಸು ವರ್ಷದ ನಂತರ ಐದನೇ ತಿಂಗಳ 15ನೇ ತಾರೀಖಿನೊಳಗೆ ಆಡಳಿತ ಮಂಡಳಿ ಯೋಜನೆಗೆ ಒಪ್ಪಿಗೆ ಕೊಡಬೇಕು. ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುವ ಆಸ್ಪತ್ರೆಗೆ ಅದು ನವೆಂಬರ್ 15, ಡಿಸೆಂಬರ್ 31ಕ್ಕೆ ಮುಗಿಯುವುದಕ್ಕೆ ಮೇ 15.

ಪಟ್ಟಿಯಲ್ಲಿರುವ ಪ್ರತಿಯೊಂದು ಮುಖ್ಯ ಅಗತ್ಯಕ್ಕೂ ಉತ್ತರ ಬರೆಯಬೇಕು. ಏನು ಕೆಲಸ ಮಾಡುತ್ತೇವೆ, ಅದರಿಂದ ಏನಾಗಬಹುದು ಅಂತ ನಿರೀಕ್ಷೆ ಇದೆ, ಯಾವ ಸಂಪನ್ಮೂಲ ಹಾಕುತ್ತೇವೆ, ಯಾರ ಜೊತೆ ಸೇರುತ್ತೇವೆ. ಯಾವುದಾದರೂ ಅಗತ್ಯವನ್ನು ಕೈಗೆತ್ತಿಕೊಳ್ಳುವುದಿಲ್ಲ ಅಂದರೆ ಅದನ್ನೂ ಬರೆಯಬೇಕು, ಕಾರಣ ಸಮೇತ. ನಮಗೆ ಅದರಲ್ಲಿ ಪರಿಣತಿ ಇಲ್ಲ, ಬೇರೆ ಸಂಸ್ಥೆ ಆಗಲೇ ಮಾಡುತ್ತಿದೆ, ದುಡ್ಡು ಸಾಲದು, ಇಂಥ ಕಾರಣಗಳು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಮೊದಲು ಓದಬೇಕಾದ ಪುಟ ಇದೇ. ನಿಮ್ಮ ಮನೆಗೆ ಬೇಕಾದದ್ದು ಬಿಟ್ಟುಹೋದವುಗಳಲ್ಲಿ ಇದೆಯಾ ಅಂತ ಅಲ್ಲಿ ಗೊತ್ತಾಗುತ್ತದೆ.

ಉಳಿದ ಪುಟಗಳನ್ನು ಓದುವಾಗ ಕ್ರಿಯಾಪದಗಳ ಮೇಲೆ ಕಣ್ಣಿಡಿ. 'ಡಯಾಬಿಟಿಸ್ ಬಗ್ಗೆ ಜಾಗೃತಿ ಮೂಡಿಸುತ್ತೇವೆ' ಅಂತ ಒಂದು ಯೋಜನೆ ಹೇಳಬಹುದು. 'ಈ ಎರಡು ಜಿಪ್ ಕೋಡ್‌ಗಳಲ್ಲಿ ವಾರಕ್ಕೆ ಎರಡು ದಿನ ಸಂಜೆ ಕ್ಲಿನಿಕ್ ನಡೆಸುತ್ತೇವೆ, ಇಷ್ಟು ಜನರ ಸಕ್ಕರೆ ಮಟ್ಟ ಹತೋಟಿಗೆ ಬಂತಾ ಅಂತ ಅಳೆಯುತ್ತೇವೆ' ಅಂತ ಇನ್ನೊಂದು ಹೇಳಬಹುದು. ಎರಡೂ ಕಾನೂನಿನ ಪ್ರಕಾರ ನಡೆಯಬಹುದು. ಮೂರು ವರ್ಷದ ನಂತರ ಆಯಿತಾ ಇಲ್ಲವಾ ಅಂತ ಕೇಳಲು ಸಾಧ್ಯವಾಗುವುದು ಎರಡನೆಯದನ್ನು ಮಾತ್ರ. ಹೀಗೆ ಕೇಳುವ ಜಾಗವೂ ಇದೆ: ಪ್ರತಿ ಹೊಸ ಸಮೀಕ್ಷೆಯಲ್ಲೂ ಹಿಂದಿನ ಯೋಜನೆಯ ಕೆಲಸಗಳಿಂದ ಏನು ಪರಿಣಾಮ ಆಯಿತು ಅಂತ ಆಸ್ಪತ್ರೆ ಬರೆಯಬೇಕು.

ಬಾಸ್ಟನ್‌ನ ಮಕ್ಕಳು, ಜಿರಲೆ ಮತ್ತು ಅಸ್ತಮಾ

ಒಳ್ಳೆಯ ಯೋಜನೆ ಹೇಗಿರುತ್ತದೆ ಅನ್ನುವುದಕ್ಕೆ ಬಾಸ್ಟನ್ ಚಿಲ್ಡ್ರನ್ಸ್ ಆಸ್ಪತ್ರೆಯ ಅಸ್ತಮಾ ಕಾರ್ಯಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಶುರುವಾಗಿದ್ದು 2005ರಲ್ಲಿ, 501(ಆರ್) ಬರುವ ಮೊದಲೇ. ನಗರದ ಕೆಲವೇ ಬಡ ಬಡಾವಣೆಗಳ ಮಕ್ಕಳು ಉಸಿರು ಕಟ್ಟಿಕೊಂಡು ಮತ್ತೆ ಮತ್ತೆ ದಾಖಲಾಗುತ್ತಿದ್ದರು. ಔಷಧಿ ಕೊಟ್ಟು, ಗುಣ ಮಾಡಿ, ಮನೆಗೆ ಕಳಿಸಿದರೆ ಕೆಲವು ವಾರದಲ್ಲಿ ಅದೇ ಮಗು ಮತ್ತೆ ವಾಪಸ್.

ಕಾರಣ ಮನೆಯಲ್ಲಿತ್ತು. ಹಾಗಾಗಿ ನರ್ಸ್ ಅಥವಾ ಸಮುದಾಯ ಆರೋಗ್ಯ ಕಾರ್ಯಕರ್ತೆ, ಅಂದರೆ ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಆ ಜನರ ನಡುವಿನಿಂದಲೇ ಬಂದವರು, ಮನೆಗೆ ಹೋದರು. ಸ್ನಾನದ ಮನೆ ಗೋಡೆಯಲ್ಲಿ ಬೂಷ್ಟು ಇದೆಯಾ, ಅಡುಗೆಮನೆಯಲ್ಲಿ ಜಿರಲೆ, ಇಲಿ ಇವೆಯಾ, ಹಾಸಿಗೆಯಲ್ಲಿ ಧೂಳು ಎಷ್ಟು, ಮನೆಯೊಳಗೆ ಯಾರಾದರೂ ಸಿಗರೇಟ್ ಸೇದುತ್ತಾರಾ ಅಂತ ನೋಡಿದರು. ಇನ್ಹೇಲರ್ ಸರಿಯಾಗಿ ಎಳೆದುಕೊಳ್ಳುವುದನ್ನು ಮಗುವಿಗೂ ತಾಯಿಗೂ ಕೂತು ಕಲಿಸಿದರು. ಸಣ್ಣ ಧೂಳು ಹಿಡಿಯುವ ವ್ಯಾಕ್ಯೂಮ್, ಹಾಸಿಗೆ ದಿಂಬಿಗೆ ಧೂಳು ತಡೆಯುವ ಕವರ್ ಕೊಟ್ಟರು, ಜಿರಲೆ ಇಲಿ ಕಾಟಕ್ಕೆ ಪರಿಹಾರ ಮಾಡಿಸಿದರು.

2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸೇರಿದ ಒಂದು ವರ್ಷದ ನಂತರ ಅಸ್ತಮಾಗಾಗಿ ಎಮರ್ಜೆನ್ಸಿಗೆ ಬರಬೇಕಾದ ಮಕ್ಕಳ ಪ್ರಮಾಣ 68 ಶೇಕಡ, ಆಸ್ಪತ್ರೆಗೆ ದಾಖಲಾಗಬೇಕಾದವರ ಪ್ರಮಾಣ ಸುಮಾರು 85 ಶೇಕಡ ಇಳಿದಿತ್ತು.

ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಎಲ್ಲರೂ ಯಾಕೆ ಮಾಡುವುದಿಲ್ಲ? ಮಗು ದಾಖಲಾದರೆ ವಿಮಾ ಕಂಪನಿ ಆಸ್ಪತ್ರೆಗೆ ದುಡ್ಡು ಕೊಡುತ್ತದೆ. ಮನೆಗೆ ಹೋಗಿ ಬೂಷ್ಟು ತೆಗೆಸಿದರೆ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಕಾಯಿಲೆ ಬರದ ಹಾಗೆ ನೋಡಿಕೊಂಡರೆ ಆಸ್ಪತ್ರೆಗೆ ಆದಾಯವೂ ಕಡಿಮೆ. ಈ ಖಾಲಿ ಜಾಗವನ್ನು ತುಂಬಲು ಕಮ್ಯುನಿಟಿ ಬೆನಿಫಿಟ್ ದುಡ್ಡು ಬೇಕು.

ಇನ್ನೂ ದೂರ ಹೋದವರು ಒಹಾಯೊದ ಕೊಲಂಬಸ್‌ನ ನೇಶನ್‌ವೈಡ್ ಚಿಲ್ಡ್ರನ್ಸ್ ಆಸ್ಪತ್ರೆಯವರು. 2008ರಿಂದ ಅವರು ಆಸ್ಪತ್ರೆ ಪಕ್ಕದ ಬಡಾವಣೆಯಲ್ಲಿ ಪಾಳುಬಿದ್ದ ಮನೆಗಳನ್ನು ರಿಪೇರಿ ಮಾಡಿಸಿದರು, ಹೊಸ ಮನೆ ಕಟ್ಟಿಸಿದರು, ಅಲ್ಲೇ ಇದ್ದವರಿಗೆ ಮನೆ ಸರಿಮಾಡಿಕೊಳ್ಳಲು ನೆರವು ಕೊಟ್ಟರು. ಇಡೀ ಬಡಾವಣೆಯನ್ನೇ ಒಬ್ಬ ರೋಗಿ ಅಂತ ನೋಡುವುದು ಅವರ ದಾರಿ.

ನಮ್ಮವರು ಪಟ್ಟಿಯಲ್ಲಿ ಕಾಣುತ್ತಾರಾ?

ದಕ್ಷಿಣ ಏಷ್ಯಾದವರಿಗೆ ಹೃದಯದ ಕಾಯಿಲೆ ಚಿಕ್ಕ ವಯಸ್ಸಿಗೇ ಬರುತ್ತದೆ, ಡಯಾಬಿಟಿಸ್ ಕಡಿಮೆ ತೂಕದಲ್ಲೇ ಬರುತ್ತದೆ. ತೂಕ ಎತ್ತರದ ಲೆಕ್ಕವಾದ ಬಿಎಂಐ 25 ದಾಟಿದವರಿಗೆ ಸಕ್ಕರೆ ಪರೀಕ್ಷೆ ಮಾಡುವುದು ಅಲ್ಲಿನ ರೂಢಿ. ಏಷ್ಯಾ ಮೂಲದವರಿಗೆ ಅದನ್ನು 23ಕ್ಕೆ ಇಳಿಸಿ ಅಂತ ಅಮೆರಿಕದ ಡಯಾಬಿಟಿಸ್ ಸಂಘ 2015ರಲ್ಲಿ ಹೇಳಿತು. ಐದೂವರೆ ಅಡಿ ಎತ್ತರದವರಿಗೆ ಅದು 70 ಕಿಲೋದಿಂದ 65 ಕಿಲೋಗೆ ಇಳಿದ ಹಾಗೆ. 66 ಕಿಲೋ ಇರುವ ನಮ್ಮ ಎಷ್ಟೋ ಜನ ತಮ್ಮನ್ನು ಸಣ್ಣ ಅಂತಲೇ ಅಂದುಕೊಂಡಿರುತ್ತಾರೆ.

ಆದರೆ ಬಹಳಷ್ಟು ಸಮೀಕ್ಷೆಗಳಲ್ಲಿ 'ಏಷ್ಯನ್' ಅನ್ನುವ ಒಂದೇ ಕಾಲಂ ಇರುತ್ತದೆ. ಅದರಲ್ಲಿ ಚೀನಾ, ಜಪಾನ್, ಫಿಲಿಪೀನ್ಸ್, ವಿಯೆಟ್ನಾಂ, ಭಾರತ ಎಲ್ಲ ಸೇರಿಹೋಗುತ್ತವೆ. ಸರಾಸರಿ ತೆಗೆದರೆ ಏಷ್ಯನ್ನರು ಆರೋಗ್ಯವಾಗಿಯೇ ಕಾಣುತ್ತಾರೆ, ಅದರೊಳಗಿನ ಭಾರತೀಯರ ಹೃದಯದ ಸಮಸ್ಯೆ ಮರೆಯಾಗುತ್ತದೆ. ಅಂಕಿಯಲ್ಲಿ ಕಾಣದ್ದು ಆದ್ಯತೆಯ ಪಟ್ಟಿಗೆ ಬರುವುದಿಲ್ಲ, ಪಟ್ಟಿಗೆ ಬರದ್ದಕ್ಕೆ ಯೋಜನೆಯೂ ಇರುವುದಿಲ್ಲ.

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಎಲ್ ಕಮೀನೊ ಆಸ್ಪತ್ರೆ 2006ರಲ್ಲೇ ದಕ್ಷಿಣ ಏಷ್ಯಾದವರಿಗೆಂದೇ ಹೃದಯ ಕೇಂದ್ರ ತೆರೆಯಿತು. ಸುತ್ತ ಕನ್ನಡದವರೂ ಸೇರಿದಂತೆ ಭಾರತದವರು ತುಂಬಾ ಇರುವ ಜಾಗ ಅದು. ಆ ಕೇಂದ್ರ ಅಪಾಯ ಇರುವವರನ್ನು ಮೊದಲೇ ಗುರುತಿಸಿ, ಊಟ, ವ್ಯಾಯಾಮ, ನಿದ್ದೆ ಸರಿಮಾಡಿಕೊಳ್ಳಲು ನಮ್ಮ ಅಡುಗೆಮನೆಗೆ ಹೊಂದುವ ಸಲಹೆ ಕೊಡುತ್ತದೆ. ಅನ್ನ ಬಿಟ್ಟು ಸಲಾಡ್ ತಿನ್ನಿ ಅಂದರೆ ನಮ್ಮಲ್ಲಿ ಎಷ್ಟು ದಿನ ನಡೆದೀತು? ಅಂಕಿಯ ವಿಷಯದಲ್ಲೂ ಒಂದು ಬದಲಾವಣೆ ಬಂದಿದೆ. 2024ರ ಮಾರ್ಚ್‌ನಲ್ಲಿ ಫೆಡರಲ್ ಸರ್ಕಾರ ತನ್ನ ಅಂಕಿ ಸಂಗ್ರಹದ ನಿಯಮ ಪರಿಷ್ಕರಿಸಿ, ಏಷ್ಯನ್ ಒಳಗೆ ಭಾರತೀಯರನ್ನು ಬೇರೆಯಾಗಿ ಗುರುತಿಸಲು ಹೇಳಿತು.

ದುಡ್ಡು ನಿಜವಾಗಿ ಎಲ್ಲಿಗೆ ಹೋಗುತ್ತದೆ?

ಇಲ್ಲಿ ವಾದ ಜೋರಾಗಿದೆ. 2009ರ ಲೆಕ್ಕಗಳನ್ನು ನೋಡಿದ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈಗಲೂ ಚರ್ಚೆಯಲ್ಲಿ ಬರುತ್ತದೆ. ಅದರ ಪ್ರಕಾರ ಈ ಆಸ್ಪತ್ರೆಗಳು ತಮ್ಮ ಖರ್ಚಿನ ಸರಾಸರಿ 7.5 ಶೇಕಡವನ್ನು ಕಮ್ಯುನಿಟಿ ಬೆನಿಫಿಟ್ ಅಂತ ತೋರಿಸಿದ್ದವು. ಅದರಲ್ಲಿ 85 ಶೇಕಡಕ್ಕೂ ಜಾಸ್ತಿ ಹೋಗಿದ್ದು ಆಸ್ಪತ್ರೆಯೊಳಗಿನ ಚಿಕಿತ್ಸೆಗೇ. ಬಡವರ ಉಚಿತ ಚಿಕಿತ್ಸೆ ಅದರಲ್ಲಿ ಸೇರಿದೆ, ಮೆಡಿಕೇಡ್ ಕೊಡುವ ದುಡ್ಡಿಗೂ ನಿಜವಾದ ಖರ್ಚಿಗೂ ಇರುವ ಅಂತರವೂ ಸೇರಿದೆ. ಬಾಸ್ಟನ್ ಮನೆ ಭೇಟಿಯಂಥ ಕೆಲಸಕ್ಕೆ ಹೋಗಿದ್ದು ಬಹಳ ಸಣ್ಣ ಪಾಲು.

ಮೆಡಿಕೇಡ್ ನಷ್ಟ ತುಂಬಿಕೊಳ್ಳುವುದೂ ಊರಿನ ಸೇವೆಯೇ, ಇಲ್ಲದಿದ್ದರೆ ಆ ರೋಗಿಗಳನ್ನು ಯಾರು ನೋಡುತ್ತಾರೆ ಅಂತ ಆಸ್ಪತ್ರೆಗಳು ಕೇಳುತ್ತವೆ. ಅದು ವ್ಯವಹಾರದ ಖರ್ಚು, ಅದನ್ನು ಸೇವೆ ಅಂತ ಬರೆಯಬಾರದು ಅಂತ ಟೀಕಾಕಾರರು ಹೇಳುತ್ತಾರೆ. ಫೆಡರಲ್ ಕಾನೂನಿನಲ್ಲಿ ಇಷ್ಟೇ ಶೇಕಡ ಖರ್ಚು ಮಾಡಬೇಕು ಅನ್ನುವ ಕನಿಷ್ಠ ಮಿತಿ ಇಲ್ಲದಿರುವುದರಿಂದ ಈ ವಾದ ಮುಗಿದಿಲ್ಲ. ರಾಜ್ಯಗಳ ಕಟ್ಟುಪಾಡು ಬೇರೆ. ಇಲಿನಾಯ್ ಸುಪ್ರೀಂ ಕೋರ್ಟ್ 2010ರಲ್ಲಿ ಅರ್ಬಾನಾದ ಒಂದು ನಾನ್‌ಪ್ರಾಫಿಟ್ ಆಸ್ಪತ್ರೆಗೆ ಪ್ರಾಪರ್ಟಿ ಟ್ಯಾಕ್ಸ್ ವಿನಾಯಿತಿ ಇಲ್ಲ ಅಂದಿತು. ಅದು ಮಾಡಿದ ದತ್ತಿ ಚಿಕಿತ್ಸೆ ತೀರಾ ಕಡಿಮೆ ಅನ್ನುವುದು ಒಂದು ಮುಖ್ಯ ಕಾರಣ.

ಮಾಡದಿದ್ದರೆ?

ಸಮೀಕ್ಷೆ, ಯೋಜನೆ ಮಾಡದ ಪ್ರತಿ ಆಸ್ಪತ್ರೆಗೆ 50,000 ಡಾಲರ್ ದಂಡ. ದೊಡ್ಡ ಆಸ್ಪತ್ರೆಗೆ ಇದು ಏನೂ ಅಲ್ಲ. ನಿಜವಾದ ಹೆದರಿಕೆ ವಿನಾಯಿತಿಯನ್ನೇ ಕಳೆದುಕೊಳ್ಳುವುದು. 2017ರಲ್ಲಿ ಒಂದು ಸಣ್ಣ ಗ್ರಾಮೀಣ ಆಸ್ಪತ್ರೆಗೆ ಹಾಗೇ ಆಯಿತು. ಐಆರ್‌ಎಸ್ ಅದರ ಹೆಸರು ಬಹಿರಂಗ ಮಾಡಲಿಲ್ಲ. ಅದು ಸಮೀಕ್ಷೆ ಮಾಡಿತ್ತು, ಆದರೆ ಜನರಿಗೆ ಸಿಗುವ ಹಾಗೆ ವೆಬ್‌ಸೈಟ್‌ನಲ್ಲಿ ಹಾಕಿರಲಿಲ್ಲ.

ಬಿಲ್ ಬಂದಾಗ ನೆನಪಿಡಬೇಕಾದದ್ದು

ಇದೇ 501(ಆರ್) ಇನ್ನೊಂದು ಹಕ್ಕು ಕೊಡುತ್ತದೆ. ಪ್ರತಿ ನಾನ್‌ಪ್ರಾಫಿಟ್ ಆಸ್ಪತ್ರೆಯೂ ದುಡ್ಡಿನ ನೆರವಿನ ನಿಯಮ ಬರೆದು ಪ್ರಕಟಿಸಬೇಕು. ಅದಕ್ಕೆ ಅರ್ಹರಾದವರಿಂದ ವಿಮೆ ಇದ್ದವರಿಗೆ ಸಾಮಾನ್ಯವಾಗಿ ಬೀಳುವುದಕ್ಕಿಂತ ಜಾಸ್ತಿ ವಸೂಲಿ ಮಾಡುವ ಹಾಗಿಲ್ಲ. ಮನೆಗೆ ಹೋದ ಮೇಲೆ ಬರುವ ಮೊದಲ ಬಿಲ್‌ನಿಂದ 240 ದಿನದವರೆಗೆ ಅರ್ಜಿ ಹಾಕಬಹುದು. ಮೊದಲ 120 ದಿನ ಕೋರ್ಟಿಗೆ ಎಳೆಯುವಂಥ ಕಠಿಣ ಕ್ರಮಕ್ಕೆ ಕೈ ಹಾಕುವ ಹಾಗಿಲ್ಲ.

ಊರಿನಿಂದ ಬಂದ ಅತ್ತೆ ಮಾವನಿಗೋ ಅಪ್ಪ ಅಮ್ಮನಿಗೋ ಇದ್ದಕ್ಕಿದ್ದ ಹಾಗೆ ಎದೆ ನೋವು ಬಂದು, ಪ್ರಯಾಣ ವಿಮೆ 'ಹಳೆಯ ಕಾಯಿಲೆ' ಅಂತ ಕೈ ಎತ್ತಿದಾಗ, ಇದು ಉಪಯೋಗಕ್ಕೆ ಬರಬಹುದು. ಸಂದರ್ಶಕರಿಗೆ ಅನ್ವಯಿಸುತ್ತದಾ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಸುಮ್ನೆ ಕ್ರೆಡಿಟ್ ಕಾರ್ಡಿಗೆ ಹಾಕುವ ಮೊದಲು ಬಿಲ್ಲಿಂಗ್ ಕಚೇರಿಯಲ್ಲಿ 'ಫೈನಾನ್ಶಿಯಲ್ ಅಸಿಸ್ಟೆನ್ಸ್' ಅರ್ಜಿ ಕೇಳಿ. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಕನ್ನಡ ದುಭಾಷಿ ಬೇಕು ಅಂತಲೂ ಕೇಳಿ. ಫೆಡರಲ್ ದುಡ್ಡು ಪಡೆಯುವ ಆಸ್ಪತ್ರೆ ಅದಕ್ಕೆ ಶುಲ್ಕ ಹಾಕುವ ಹಾಗಿಲ್ಲ, ಸಾಮಾನ್ಯವಾಗಿ ಫೋನಿನಲ್ಲೋ ವಿಡಿಯೋದಲ್ಲೋ ವ್ಯವಸ್ಥೆ ಮಾಡುತ್ತಾರೆ.

ನಿಮ್ಮೂರಿನ ಯೋಜನೆ ಹುಡುಕುವುದು ಹೇಗೆ

ಆಸ್ಪತ್ರೆಯ ಹೆಸರಿನ ಜೊತೆ ಸಿಎಚ್‌ಎನ್‌ಎ ಅಕ್ಷರಗಳನ್ನು ಇಂಗ್ಲಿಷ್‌ನಲ್ಲಿ ಸೇರಿಸಿ ಹುಡುಕಿ. ಸಮೀಕ್ಷೆ ವೆಬ್‌ಸೈಟ್‌ನಲ್ಲಿ ಇರಲೇಬೇಕು, ಲಾಗಿನ್ ಕೇಳುವ ಹಾಗಿಲ್ಲ. ಮುಂದಿನ ಎರಡು ಸಮೀಕ್ಷೆ ಬರುವ ತನಕ ಹಳೆಯದನ್ನು ತೆಗೆಯುವ ಹಾಗೂ ಇಲ್ಲ. ಆಸ್ಪತ್ರೆಗೆ ಹೋಗಿ ಕೇಳಿದರೆ ಮುದ್ರಿತ ಪ್ರತಿಯನ್ನು ಪುಕ್ಕಟೆ ತೋರಿಸಬೇಕು. ಯೋಜನೆ ಅಲ್ಲೇ ಪಕ್ಕದಲ್ಲಿ ಇಲ್ಲದಿದ್ದರೆ, ಆಸ್ಪತ್ರೆ ಪ್ರತಿ ವರ್ಷ ಐಆರ್‌ಎಸ್‌ಗೆ ಕೊಡುವ ಫಾರ್ಮ್ 990ರಲ್ಲಿ ಅದರ ಪ್ರತಿಯೋ ಲಿಂಕೋ ಇರುತ್ತದೆ. ಅದೇ ಫಾರ್ಮಿನ ಶೆಡ್ಯೂಲ್ ಎಚ್‌ನಲ್ಲಿ ಕಮ್ಯುನಿಟಿ ಬೆನಿಫಿಟ್ ಖರ್ಚಿನ ಲೆಕ್ಕ ಇದೆ. ಪ್ರೊಪಬ್ಲಿಕಾ ಸುದ್ದಿ ಸಂಸ್ಥೆ ಈ ಫಾರ್ಮ್‌ಗಳನ್ನು ಎಲ್ಲರೂ ನೋಡುವ ಹಾಗೆ ಇಟ್ಟಿದೆ.

ಓದಿದ ಮೇಲೆ ಒಂದು ಪತ್ರ ಬರೆಯಿರಿ. ಕಳಿಸುವ ವಿಳಾಸ ಸಾಮಾನ್ಯವಾಗಿ ಸಮೀಕ್ಷೆಯಲ್ಲೇ ಇರುತ್ತದೆ. 'ಏಷ್ಯನ್ ಕಾಲಂ ಒಡೆದು ಭಾರತೀಯರ ಅಂಕಿ ಬೇರೆ ತೋರಿಸಿ' ಅಂತ ಎರಡು ಸಾಲು ಬರೆದರೂ ಸರಿ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಮನೆಯಲ್ಲಿ ಒಬ್ಬರೇ ಕೂರುವ ಹಿರಿಯರ ಬಗ್ಗೆ ಬರೆಯಬಹುದು, ಕಾರು ಓಡಿಸಲು ಬರದೆ ಕ್ಲಿನಿಕ್ಕಿಗೆ ಹೋಗಲಾಗದವರ ಬಗ್ಗೆ ಬರೆಯಬಹುದು. ಕನ್ನಡ ಕೂಟದ ಹೆಸರಿನಲ್ಲಿ ಹೋದರೆ ಇನ್ನೂ ಒಳ್ಳೆಯದು, ಯಾಕೆಂದರೆ ಮುಂದಿನ ಸಲ ಅಭಿಪ್ರಾಯ ಕೇಳಲು ಸಂಘಗಳನ್ನು ಹುಡುಕುವಾಗ ಆ ಹೆಸರು ಅವರ ಹತ್ತಿರ ಇರುತ್ತದೆ. ಬಂದ ಪತ್ರಗಳನ್ನು ಮುಂದಿನ ಸಮೀಕ್ಷೆಯಲ್ಲಿ ಪರಿಗಣಿಸಿ, ಅದನ್ನು ವರದಿಯಲ್ಲಿ ಹೇಳುವುದು ಆಸ್ಪತ್ರೆಯ ಕರ್ತವ್ಯ.